ದಾರಿ ಬದಿಯ ಸೀಟು

ಟೊರಾಂಟೊ
ಜೂನ್ 14, 2024

ಪ್ರಣೂ,

ಬಂದು ಮುಟ್ಟಿದೆ. ಹಾಳೆಯಲ್ಲಿ ಬರೆದು, ಫೋಟೋ ತೆಗೆದು ನಿನ್ನ ವಾಟ್ಸಾಪಿಗೆ ಹಾಕುತ್ತಿದ್ದೇನೆ. ಫೋನ್ ಮಾಡಿದರೆ ಹಿಂದಿನಿಂದ ಆ ಮನೆಯ ಮಗು ಅಳುವುದು ಕೇಳಿಸುತ್ತದೆ, ಅದನ್ನು ತಡೆದುಕೊಳ್ಳಲಿಕ್ಕೆ ನನ್ನಿಂದ ಆಗುವುದಿಲ್ಲ ಎಂದು ಹೊರಡುವಾಗ ನೀನು ಹೇಳಿದೆಯಲ್ಲ. ಸರಿ, ಮಾಡುವುದಿಲ್ಲ. ತಮಿಳು ಶಾಲೆಗೆ ಹೋಗುತ್ತಿದ್ದ ನಿನ್ನನ್ನು ಸಂಜೆ ಕೂರಿಸಿ ಕನ್ನಡ ಅಕ್ಷರ ತಿದ್ದಿಸಿದ್ದು ಈಗ ಉಪಯೋಗಕ್ಕೆ ಬಂತು ಎಂದುಕೊಂಡರಾಯಿತು.

ಈ ಸಲವೂ ನನಗೆ ಕಿಟಕಿಯ ಮೂಲೆಯೇ ಸಿಕ್ಕಿತು. ದೋಹಾದಿಂದ ಇಲ್ಲಿಗೆ ಅರ್ಧ ದಿನಕ್ಕಿಂತ ಹೆಚ್ಚಿನ ದಾರಿ. ಪಕ್ಕದಲ್ಲಿ ಇಬ್ಬರು ಗಂಡಸರು, ವಿಮಾನ ನೆಲ ಬಿಡುವ ಮೊದಲೇ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿಬಿಟ್ಟರು. ನಿದ್ದೆ ಹೋದವರನ್ನು ಎಬ್ಬಿಸಿ, ಅವರ ಮೊಣಕಾಲು ದಾಟಿಕೊಂಡು ಬಚ್ಚಲಿಗೆ ಹೇಗೆ ಹೋಗುವುದು? ಹೋಗುವ ಪ್ರಸಂಗವೇ ಬಾರದಿರಲಿ ಎಂದು ನೀರು ಕುಡಿಯಲಿಲ್ಲ. ಮುಂದಿನ ಸೀಟಿನವನು ಬೆನ್ನನ್ನು ಹಿಂದಕ್ಕೆ ಚಾಚಿದಾಗ ಅವನ ಬೋಳು ತಲೆ ನನ್ನ ಮಡಿಲಿಗೇ ಬಂತು. ಎಣ್ಣೆ ಇದ್ದಿದ್ದರೆ ಹಚ್ಚಿ ತಟ್ಟಬಹುದಿತ್ತು.

ಊಟದ ಕತೆ ಕೇಳು. ಟಿಕೆಟ್ ಮಾಡುವಾಗ ವೀಕ್ಷಾ ‘ಹಿಂದೂ ಊಟ’ ಎಂದು ಹಾಕಿದ್ದಳಂತೆ, ನಮಗೆ ಅದೇ ಸರಿ ಅಂತ. ಮುಚ್ಚಳ ತೆಗೆದರೆ ಕೋಳಿ. ದನದ ಮಾಂಸ ಇಲ್ಲ ಎಂದಷ್ಟೇ ಅದರ ಅರ್ಥವಂತೆ, ನಮ್ಮಂಥವರ ಊಟಕ್ಕೆ ಬೇರೆ ಹೆಸರು ಉಂಟಂತೆ. ಬೇರೆ ತರುತ್ತೇನೆ ಎಂದು ಊಟ ಹಂಚುತ್ತಿದ್ದ ಹುಡುಗಿ ಹೇಳಿದಳು. ಅವಳಿಗೆ ಇನ್ನೂ ಅಷ್ಟು ಜನಕ್ಕೆ ಬಡಿಸಲಿಕ್ಕಿತ್ತು, ಬೇಡ ಎಂದೆ. ಒಂದು ಬನ್ನು ತಿಂದೆ. ನೀನು ಕಟ್ಟಿಕೊಟ್ಟ ಅವಲಕ್ಕಿ ತಲೆಯ ಮೇಲಿನ ಪೆಟ್ಟಿಗೆಯಲ್ಲಿತ್ತು, ಅದನ್ನು ತೆಗೆಯಬೇಕಾದರೂ ಅವರನ್ನು ಎಬ್ಬಿಸಬೇಕಲ್ಲ. ಇಳಿಯುವಾಗ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗಲಿಲ್ಲ. ಈಗ ಇಳಿದಿದೆ.

ವೀಕ್ಷಾ ಎಂದರೆ ನಿನಗೆ ಸಿಟ್ಟು, ಗೊತ್ತುಂಟು. ಆದರೆ ಅವಳು ಜಯಪ್ರಕಾಶ್ ಧಣಿಗಳ ಮಗಳು. ನಿನ್ನ ಅಪ್ಪ ಟಿ. ನಗರದಲ್ಲಿ ಅವರ ಹೋಟೆಲಿನ ಕ್ಯಾಶಿನಲ್ಲಿ ಕೂತಿದ್ದಷ್ಟು ಕಾಲ ಮಾತ್ರವಲ್ಲ, ಅಪ್ಪ ಹೋದ ಮೇಲೂ ಅವರ ಅಡುಗೆಮನೆಯಿಂದ ನಮಗೆ ಊಟ ಬರುತ್ತಿತ್ತು. ಅಂಥವರೇ ಫೋನ್ ಮಾಡಿ, “ಸುಗುಣಕ್ಕ, ತಾಯಿ ಇಲ್ಲದ ಹುಡುಗಿ, ಅಲ್ಲಿ ಅವಳಿಗೆ ಯಾರೂ ಇಲ್ಲ, ನೀವೇ ಹೋಗಿ ಬಾಣಂತನ ಮಾಡಿಕೊಡ್ಬೇಕು” ಎಂದರೆ ಇಲ್ಲ ಎನ್ನಲಿಕ್ಕೆ ಬಾಯಿ ಬರುತ್ತದಾ? ಅವರಿಗೆ ಮಾತು ಕೊಟ್ಟಾದ ಮೇಲಲ್ಲವಾ ನೀನು ನಿನ್ನ ಸುದ್ದಿ ಹೇಳಿದ್ದು.

ಹಿಂದಿನ ಸಲ ಎಂಟನೇ ತಿಂಗಳಲ್ಲಿ ನಿನಗೆ ಹಾಗಾದಾಗ ನಾನು ಸಿಡ್ನಿಯಲ್ಲಿ ಯಾರದೋ ಮಗುವನ್ನು ಮೀಯಿಸುತ್ತಿದ್ದೆ. ನೀನು ಅದನ್ನು ಬಾಯಿ ಬಿಟ್ಟು ಆಡಿಲ್ಲ, ನಾನೂ ಆಡಿಲ್ಲ. ಈ ಸಲ ಹಾಗಾಗುವುದಿಲ್ಲ ಪ್ರಣೂ. ಏಳು ತಿಂಗಳು ತುಂಬುವುದರೊಳಗೆ, ಸೆಪ್ಟೆಂಬರ್ ಕೊನೆಗೆ, ನಾನು ಮಾಂಬಲಂ ಮನೆಯಲ್ಲಿರುತ್ತೇನೆ. ಅಳಿಯ ಶ್ರೀಶನಿಗೆ ಹೇಳು, ಹೋಟೆಲಿನಿಂದ ಬರುವಾಗ ನಿನಗೆ ಎಣ್ಣೆ ತಿಂಡಿ ತರಬಾರದು.

ಆಶೀರ್ವಾದಗಳೊಂದಿಗೆ,
ಅಮ್ಮ


ಪಶ್ಚಿಮ ಮಾಂಬಲಂ, ಚೆನ್ನೈ
ಜುಲೈ 3, 2024

ಅಮ್ಮ,

ನಿನ್ನ ಕಾಗದ ಓದಿ ಶ್ರೀಶ ನಕ್ಕ. ನನಗೆ ನಗು ಬರಲಿಲ್ಲ. ಪಕ್ಕದವರನ್ನು ಎಬ್ಬಿಸಬೇಕಾಗುತ್ತದೆ ಎಂದು ಯಾರಾದರೂ ಅಷ್ಟು ಹೊತ್ತು ಬಾಯಾರಿ ಕೂರುತ್ತಾರಾ? ಅವರೂ ಟಿಕೆಟ್ ತೆಗೆದವರು, ನೀನೂ ಟಿಕೆಟ್ ತೆಗೆದವಳು. ಭುಜ ತಟ್ಟಿದರೆ ಏಳುತ್ತಾರೆ. ಎದ್ದು ಗೊಣಗಿದರೆ ಗೊಣಗಲಿ. ಆಫೀಸಿನಲ್ಲಿ ಹೇಳಿದರೆ, ಹಾಗೆ ಕೂತರೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು ಎಲ್ಲರೂ ಬೈದರು.

ಇಲ್ಲಿ ಸ್ಕ್ಯಾನ್ ಚೆನ್ನಾಗಿ ಬಂದಿದೆ. ನಾಲ್ಕು ತುಂಬುತ್ತಾ ಬಂತು. ಡಾಕ್ಟರಮ್ಮ, ಹಿಂದಿನದನ್ನು ಮರೆತುಬಿಡು ಎನ್ನುತ್ತಾರೆ. ಎಂಟನೇ ತಿಂಗಳು ದಾಟುವವರೆಗೆ ಅದು ಆಗುವುದಿಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ. ಶ್ರೀಶ ಬೆಳಗಾಗುವ ಮೊದಲೇ ಸೌಕಾರ್‌ಪೇಟೆಗೆ ಹೋಗುತ್ತಾನೆ, ಅವನ ಸೋದರಮಾವನ ಹೋಟೆಲಿಗೆ ಈಗ ಅವನೇ ಮ್ಯಾನೇಜರ್ ಅಲ್ಲವಾ. ಮೆಟ್ರೋದವರು ರಸ್ತೆ ಅಗೆದು ಹಾಕಿದ್ದರಿಂದ ನಾನು ಆಫೀಸಿಗೆ ಸುತ್ತಿ ನಡೆಯುತ್ತೇನೆ. ಕೆಳಗಿನ ಮನೆಯ ಓನರ್ ಮಾಮಿ ದಿನಾ ಸಂಜೆ ಬಂದು, “ಅಮ್ಮಾ ಎಪ್ಪೋ ವರಾಂಗ?” ಎಂದು ಕೇಳುತ್ತಾರೆ. ಯಾವಾಗ ಬರುತ್ತೀ ಎಂದು ನನಗಿಂತ ಅವರಿಗೇ ಅವಸರ.

ಒಂದು ಹೇಳಬೇಕು. ನನಗೆ ನಿನ್ನ ಬಾಣಂತನ ಬೇಡ. ಎಣ್ಣೆ, ಸಾಂಬ್ರಾಣಿ, ಕಷಾಯ ಯಾವುದೂ ಬೇಡ. ಚಿಕ್ಕವಳಿರುವಾಗ ಶಾಲೆಯಿಂದ ಬಂದರೆ ನೀನು ಯಾರದೋ ಮನೆಯಲ್ಲಿ ಮಗು ಮೀಯಿಸುತ್ತಿದ್ದೆ. ರಾತ್ರಿ ನನ್ನ ತಲೆ ಸವರುವಾಗ ನಿನ್ನ ಕೈಯಲ್ಲಿ ಬೇರೆ ಮಗುವಿನ ಸಾಂಬ್ರಾಣಿ ವಾಸನೆ ಇರುತ್ತಿತ್ತು. ಆಗ ನೀನು ದುಡಿಯಬೇಕಿತ್ತು, ಒಪ್ಪಿದೆ. ಈಗ ನಾವಿಬ್ಬರೂ ದುಡಿಯುತ್ತೇವೆ. ಆದರೂ ಯಾರಾದರೂ “ಸುಗುಣಮ್ಮ, ನೀವೇ ಆಗ್ಬೇಕು” ಎಂದರೆ ನೀನು ಚೀಲ ಕಟ್ಟುತ್ತೀ.

ನನಗೆ ಬೇಕಾದದ್ದು ಇಷ್ಟೇ. ನನ್ನನ್ನು ಹೆರಿಗೆ ಕೋಣೆಗೆ ಕರೆದುಕೊಂಡು ಹೋಗುವಾಗ ಹೊರಗಿನ ಬೆಂಚಿನಲ್ಲಿ ನೀನು ಕೂತಿರಬೇಕು. ಒಳಗೆ ಏನೇ ಆಗಲಿ, ಹೊರಗೆ ನೀನಿದ್ದೀ ಎಂದು ನನಗೆ ಗೊತ್ತಿರಬೇಕು. ಅಷ್ಟಕ್ಕೆ ಬಾ.

ಪ್ರಣಮ್ಯಾ


ಟೊರಾಂಟೊ
ಸೆಪ್ಟೆಂಬರ್ 22, 2024

ಪ್ರಣೂ,

ಈ ಕಾಗದವನ್ನು ಬರೆದು ಹರಿದು, ಮತ್ತೆ ಬರೆದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀನು ಬೈಯಬಹುದು. ಟಿಕೆಟ್ ನವೆಂಬರ್ ಕೊನೆಗೆ ಹೋಗಿದೆ.

ನಾನು ಹೊರಡುವವಳೇ ಇದ್ದೆ. ಬಟ್ಟೆ ಕೂಡ ಮಡಿಸಿ ಇಟ್ಟಿದ್ದೆ. ವೀಕ್ಷಾಳ ಗಂಡ ಮನೀಶನನ್ನು ಕಂಪನಿಯವರು ಎರಡು ತಿಂಗಳಿಗೆ ಬೇರೆ ಊರಿಗೆ ಕಳುಹಿಸಿದರು. ಅವತ್ತು ಬೆಳಿಗ್ಗೆ ಇವಳು ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅತ್ತಳು. “ಸುಗುಣಮ್ಮ, ನೀವೂ ಹೋದ್ರೆ ನಾನು ಈ ಮಗುವನ್ನು ಕೈಯಲ್ಲಿ ಹಿಡ್ಕೊಂಡು ಎಂತ ಮಾಡುದು?” ಎಂದಳು. ಹೊಸ ಬಾಣಂತಿ ಹಾಗೆ ಅಳುವುದನ್ನು ನೋಡಿ ನಾನು ಹೋಗುತ್ತೇನೆ ಎಂದು ಹೇಳುವುದು ಹೇಗೆ? ನನ್ನ ಮಗಳೂ ಬಸುರಿ ಎಂದು ಹೇಳಿದೆ. ಹೇಳಿದೆ ಪ್ರಣೂ, ಹೇಳದೆ ಇಲ್ಲ. “ಅವರಿಗೆ ಡಿಸೆಂಬರ್ ಅಲ್ವಾ, ಅಷ್ಟರೊಳಗೆ ಕಳಿಸ್ತೇನೆ” ಎಂದಳು. ಲೆಕ್ಕಕ್ಕೆ ಅದೂ ಸರಿಯೇ ಇತ್ತು.

ಮಗುವಿಗೆ ಅಶ್ವಿತಾ ಎಂದು ಹೆಸರಿಟ್ಟಿದ್ದಾರೆ. ಸಂಜೆಯಾದರೆ ಹೊಟ್ಟೆನೋವಿನಿಂದ ಚೀರುತ್ತದೆ. ಇಲ್ಲಿಯ ಬಚ್ಚಲಲ್ಲಿ ಮಣೆ ಇಟ್ಟುಕೊಳ್ಳಲು ಜಾಗವಿಲ್ಲ. ಸ್ನಾನದ ತೊಟ್ಟಿಯೊಳಗೇ ಕಾಲು ನೀಡಿ ಕೂತು, ಮೊಣಗಂಟಿನ ಮೇಲೆ ಮಗುವನ್ನು ಮಲಗಿಸಿಕೊಂಡು ಮೀಯಿಸುತ್ತೇನೆ. ಬಿಸಿನೀರು ಬೆನ್ನಿಗೆ ಬಿದ್ದದ್ದೇ ಸುಮ್ಮನಾಗುತ್ತದೆ. ನನ್ನ ಸೆರಗು ಕೈಯಲ್ಲಿ ಇಲ್ಲದಿದ್ದರೆ ಮಲಗುವುದಿಲ್ಲ. ಸಿಡ್ನಿಯ ಮಗುವೂ ಹೀಗೇ ಇತ್ತು. ನಾನು ಹೊರಟ ಮೇಲೆ ಅತ್ತು ಅತ್ತು ಅದಕ್ಕೆ ಜ್ವರ ಬಂತಂತೆ. ಆಮೇಲೆ ಒಂದು ದಿನ ವೀಡಿಯೊದಲ್ಲಿ ತೋರಿಸಿದರು, ನನ್ನ ಗುರುತೇ ಸಿಗಲಿಲ್ಲ ಅದಕ್ಕೆ. ಈ ಕೆಲಸದಲ್ಲಿ ಅದೊಂದು ಸಂಕಟ.

ಸೀಮಂತಕ್ಕೆ ನಾನಿಲ್ಲ ಎಂದು ಬೇಸರ ಮಾಡಬೇಡ. ಇದ್ದರೂ ನಾನು ಆರತಿ ಎತ್ತುವ ಹಾಗಿಲ್ಲ, ಅಡುಗೆಮನೆಯಲ್ಲಿ ನಿಂತು ನೋಡುವುದೇ ತಾನೇ. ನಿನ್ನ ಅತ್ತೆ ಸುಮತಿಯಮ್ಮ ಕುಂದಾಪುರದಿಂದ ಬಂದು ಎಲ್ಲ ಚಂದ ಮಾಡುತ್ತಾರೆ. ಹೆರಿಗೆಗೆ ನಾನು ಬಂದೇ ಬರುತ್ತೇನೆ. ಬೆಂಚಿನಲ್ಲಿ ಕೂರುತ್ತೇನೆ.

ನಿನ್ನ ಅಮ್ಮ


ಚೆನ್ನೈ
ಅಕ್ಟೋಬರ್ 6, 2024

ಅಮ್ಮ,

ಸೀಮಂತ ಆಯಿತು. ಹಸಿರು ಸೀರೆ, ಹಸಿರು ಬಳೆ. ಫೋಟೋ ಶ್ರೀಶ ಕಳುಹಿಸುತ್ತಾನೆ.

ಆರತಿ ಎತ್ತಲು ನಿನ್ನನ್ನೇ ಕರೆಯಬೇಕು ಎಂದು ನಾನು ಅತ್ತೆಗೆ ಆಗಸ್ಟ್‌ನಲ್ಲಿಯೇ ಹೇಳಿದ್ದೆ. ವಾದ ಮಾಡಬೇಕಾಗುತ್ತದೆ ಎಂದು ತಯಾರಾಗಿದ್ದೆ. ಅವರು, “ತಾಯಿ ಎತ್ತದೆ ಇನ್ಯಾರು ಎತ್ತುದು, ಎತ್ಲಿ” ಎಂದರು. ನಿನಗೆ ಇಲ್ಲಿಗೆ ಬಂದ ಮೇಲೆ ಗೊತ್ತಾಗಲಿ ಎಂದು ಬರೆದಿರಲಿಲ್ಲ. ಕೊನೆಗೆ ಅವರೇ ಎತ್ತಿದರು.

ಇದಕ್ಕೆ ಉತ್ತರ ಬರೆಯಬೇಡ. ನವೆಂಬರ್‌ನಲ್ಲಿ ಬಾ.

ಪ್ರಣಮ್ಯಾ


ಚೆನ್ನೈ
ನವೆಂಬರ್ 24, 2024

ಅಮ್ಮ,

ಎಂಟು ದಾಟಿತು. ಎಂಟನೇ ತಿಂಗಳಿನ ಕೊನೆಯ ದಿನ ರಾತ್ರಿಯಿಡೀ ಮಗು ಒದೆಯಿತು, ನಾನು ಇಲ್ಲಿದ್ದೇನೆ ಎಂದು ಹೇಳುವ ಹಾಗೆ. ಬೆಳಗಾದ ಮೇಲೆ ನಾನು ಅತ್ತುಬಿಟ್ಟೆ. ನಿನಗೆ ಫೋನ್ ಮಾಡೋಣ ಎಂದು ಕೈಯಲ್ಲಿ ಹಿಡಿದೆ, ಅಲ್ಲಿ ರಾತ್ರಿ ಎಂದು ಬಿಟ್ಟೆ. ನನ್ನ ಸಿಟ್ಟು ಹೋಗಿದೆ ಎಂದೇ ಇಟ್ಟುಕೋ.

ನಿನ್ನ ಟಿಕೆಟ್ ನೋಡಿ ಶ್ರೀಶ ಸೀಟು ಬದಲಾಯಿಸಿದ್ದಾನೆ. ನಡೆದಾಡುವ ದಾರಿಯ ಬದಿಯ ಸೀಟು, ಅದೂ ಬಚ್ಚಲಿಗೆ ಹತ್ತಿರ. ಯಾರನ್ನೂ ಎಬ್ಬಿಸಬೇಕಾಗಿಲ್ಲ, ಯಾರ ಮೊಣಕಾಲನ್ನೂ ದಾಟಬೇಕಾಗಿಲ್ಲ. ಊಟವೂ ಸರಿಯಾದದ್ದನ್ನೇ ಹಾಕಿದ್ದಾನೆ. ಅವರು ನೀರು ಕೊಟ್ಟಾಗಲೆಲ್ಲ ಕುಡಿ. ಆಗಾಗ ಎದ್ದು ಆ ತುದಿಯವರೆಗೆ ಹೋಗಿ ಬಾ. ದೋಹಾದಲ್ಲಿ ಇಳಿದದ್ದೇ ಮೆಸೇಜ್ ಹಾಕು.

ಇಲ್ಲಿ ಮಳೆ. ಪುಯಲ್ ಬರುತ್ತದೆ ಎನ್ನುತ್ತಿದ್ದಾರೆ, ದೊಡ್ಡ ಚಂಡಮಾರುತವಂತೆ. ನಿನ್ನ ಹಾಸಿಗೆಯನ್ನು ಮಂಚದ ಮೇಲೆ ಹಾಕಿಸಿದ್ದೇನೆ, ನೆಲ ತಂಪು. ಬೇಗ ಬಾ ಅಮ್ಮ. ನನಗೆ ಹೆದರಿಕೆಯಾಗುತ್ತಿದೆ.

ಪ್ರಣೂ


ದೋಹಾ
ಡಿಸೆಂಬರ್ 7, 2024

ಮಗಳೇ,

ಶ್ರೀಶ ಫೋಟೋ ಕಳುಹಿಸಿದ. ಹೆಣ್ಣು. ಹಣೆ ನಿನ್ನದೇ. ಫೋನನ್ನು ಎದೆಯ ಮೇಲೆ ಇಟ್ಟುಕೊಂಡು ಮಲಗಿದ್ದೇನೆ. ಇಲ್ಲಿಯ ಆಸ್ಪತ್ರೆಯ ಮಲಯಾಳಿ ನರ್ಸಿಗೂ ತೋರಿಸಿದೆ.

ನಿನಗೆ ಡಾಕ್ಟರರ ಮಾತು ಶ್ರೀಶ ಹೇಳಿರುತ್ತಾನೆ. ನನ್ನ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತದ ಒಂದು ಚೂರು ಶ್ವಾಸಕೋಶಕ್ಕೆ ಹೋಗಿತ್ತಂತೆ. ಈಗ ಜೀವಕ್ಕೆ ಏನೂ ಇಲ್ಲ, ಆದರೆ ಅವರು ಹೇಳುವವರೆಗೆ ವಿಮಾನ ಹತ್ತುವ ಹಾಗಿಲ್ಲ. ಅದು ಹೇಗಾಯಿತು ಎಂದು ಅವನಿಗೆ ನಾನು ಹೇಳಿಲ್ಲ. ನಿನಗೆ ಹೇಳುತ್ತೇನೆ, ನಿನಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ.

ನನ್ನ ಸೀಟಿಗೇ ಹೋಗಿ ಕೂತಿದ್ದೆ, ನೀವು ಮಾಡಿಕೊಟ್ಟ ಸೀಟಿಗೆ. ಕಾಲು ಚಾಚಲು ಎಷ್ಟು ಸುಖವಾಗಿತ್ತು. ಆಗ ಹೈದರಾಬಾದಿನ ಒಬ್ಬ ಹುಡುಗಿ ಬಂದಳು, ಕೈಯಲ್ಲಿ ಎಳೆಮಗು, ಜೊತೆಗೆ ಯಾರೂ ಇಲ್ಲ. ಅವಳದು ಕಿಟಕಿಯ ಸೀಟು. ನಮ್ಮಿಬ್ಬರ ನಡುವೆ ಒಬ್ಬ ದಪ್ಪ ಆಸಾಮಿ. “ಆಂಟಿ, ಮಗು ಅತ್ತರೆ ಎತ್ತಿಕೊಂಡು ಓಡಾಡಬೇಕು, ಈ ಸೀಟು ಕೊಡ್ತೀರಾ?” ಎಂದು ಹಿಂದಿಯಲ್ಲಿ ಕೇಳಿದಳು. ಹಿಂದೆ ಜನ ನಿಂತಿದ್ದರು, ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನೀನು ಬರೆದದ್ದು ನೆನಪಿತ್ತು. ಇಲ್ಲ ಎನ್ನಬೇಕು ಎಂದು ಬಾಯಿ ತೆರೆದೆ. ತೆರೆದ ಬಾಯಿಂದ ಬಂದದ್ದು ‘ಅದಕ್ಕೇನಂತೆ’ ಎಂಬ ಮಾತು.

ಕಿಟಕಿಗೆ ಹೋದೆ. ದೀಪ ಆರಿಸಿದ ಮೇಲೆ ಆ ಆಸಾಮಿ ಗೊರಕೆ ಹೊಡೆದ. ಮಗು ಅತ್ತಿತು. ಅವಳು ಓಡಾಡಿ ಸೋತು, ಅವನ ಮೇಲಿಂದಲೇ ಮಗುವನ್ನು ನನಗೆ ದಾಟಿಸಿ, “ಐದೇ ನಿಮಿಷ ಆಂಟಿ” ಎಂದಳು. ಮಡಿಲಿಗೆ ಹಾಕಿಕೊಂಡು ತಟ್ಟಿದ್ದೇ ನಿದ್ದೆ ಹೋಯಿತು. ಅವಳೂ ನಿದ್ದೆ ಹೋದಳು. ಅವಳ ಮುಖ ನೋಡಿದರೆ ಎಷ್ಟೋ ರಾತ್ರಿಯಿಂದ ಮಲಗದವಳ ಹಾಗಿತ್ತು, ಎಬ್ಬಿಸಲು ಮನಸ್ಸಾಗಲಿಲ್ಲ. ಮಗು ಎಷ್ಟು ಚೆನ್ನಾಗಿ ನಿದ್ದೆ ಮಾಡಿತು ಎಂದರೆ, ಕೆಳಗೆ ಕಡಲು ಕಳೆದು, ಬೆಳಗಾಗಿ, ಮತ್ತೆ ಸಂಜೆಯಾಗುವವರೆಗೆ ಹಾಲಿಗೆ ಒಮ್ಮೆ ಬಿಟ್ಟರೆ ಎಚ್ಚರವೇ ಆಗಲಿಲ್ಲ. ಹಾಲು ಕುಡಿಸಿ ಅವಳು ಮತ್ತೆ ನನ್ನ ಮಡಿಲಿಗೇ ಹಾಕಿದಳು. ನಾನು ಕಾಲು ಅಲ್ಲಾಡಿಸಲಿಲ್ಲ. ನೀರು ಬಂದಾಗ ಬೇಡ ಎಂದೆ. ಮೀನಖಂಡದಲ್ಲಿ ನೋವು ಶುರುವಾದಾಗ, ಇನ್ನೇನು ಇಳಿಯುತ್ತೇವಲ್ಲ ಎಂದುಕೊಂಡೆ.

ಇಳಿದ ಮೇಲೆ ಚೆನ್ನೈ ವಿಮಾನದ ಸಾಲಿನಲ್ಲಿ ನಿಂತಿದ್ದೆ. ಉಸಿರು ಸಿಗಲಿಲ್ಲ. ಬಿದ್ದದ್ದು ಗೊತ್ತಾಗಲಿಲ್ಲ. ಆಸ್ಪತ್ರೆಯಲ್ಲಿ ಆ ನರ್ಸ್ ತನಗೆ ಬರುವ ತಮಿಳಿನಲ್ಲಿ, “ಯೇಮ್ಮಾ, ತಣ್ಣಿ ಕುಡಿಕ್ಕಲೆಯಾ?” ಎಂದು ಕೇಳಿದಳು. ನೀರು ಕುಡಿಯಲಿಲ್ಲವಾ ಎಂದು. ಎಂತ ಹೇಳುವುದು ಅವಳಿಗೆ.

ನಾಲ್ಕನೇ ತಾರೀಕು ನಿನಗೆ ನೋವು ಬಂದ ಹೊತ್ತಿನಲ್ಲಿ ನಾನು ಇಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಮಲಗಿದ್ದೆ. ಇನ್ನು ಎರಡು ದಿನದಲ್ಲಿ ಆಸ್ಪತ್ರೆಯಿಂದ ಬಿಡುತ್ತಾರಂತೆ. ಧಣಿಗಳ ಗುರುತಿನ ಶ್ರೀಕಾಂತ್ ಎಂಬವರು ಇಲ್ಲಿ ಹೋಟೆಲ್ ನಡೆಸುತ್ತಾರೆ, ಅವರ ಮನೆಯಲ್ಲಿ ಇರುವುದು. ನನ್ನನ್ನು ಏನು ಬೇಕಾದರೂ ಬೈ. ಆದರೆ ಬರೆ.

ಅಮ್ಮ


ಚೆನ್ನೈ
ಡಿಸೆಂಬರ್ 22, 2024

ಅಮ್ಮ,

ಬೇಗ ಬರೆಯಲಾಗಲಿಲ್ಲ. ಬರೆಯಲು ಮನಸ್ಸೂ ಇರಲಿಲ್ಲ. ನಿನಗೆ ಗುಣವಾಗುತ್ತಿದೆ ಎಂದು ಶ್ರೀಶ ಹೇಳಿದ. ಅದು ಕೇಳಿ ನನಗೆ ಸಮಾಧಾನವಾಯಿತು. ಇದನ್ನು ಮೊದಲು ಬರೆಯುತ್ತಿದ್ದೇನೆ, ಮುಂದಿನದನ್ನು ಓದಿ ನೀನು ಇದನ್ನು ಮರೆಯಬಾರದು.

ನೀನು ಬರಬೇಕಾದ ದಿನವೇ ಪುಯಲ್ ಬಂತು. ವಿಮಾನ ನಿಲ್ದಾಣ ಮುಚ್ಚಿದ್ದಾರೆ ಎಂದು ಟಿವಿಯಲ್ಲಿ ಬಂತು. ಮಳೆಗೆ ನಮ್ಮ ರಸ್ತೆಯಲ್ಲಿ ಮೊಣಕಾಲು ನೀರು. ಅಮ್ಮ ಮಳೆಯಿಂದ ತಡ, ಅಷ್ಟೇ ಎಂದು ನಾನು ಮಾಮಿಗೆ ಹೇಳುತ್ತಾ ಕೂತಿದ್ದೆ. ನಿಜ ಏನೆಂದು ಶ್ರೀಶನಿಗೆ ಮರುದಿನ ಗೊತ್ತಾಯಿತಂತೆ. ನಿನಗೆ ದೋಹಾದಿಂದ ಬೇರೆ ವಿಮಾನ ಸಿಕ್ಕಿಲ್ಲ ಎನ್ನುತ್ತಾ, ಹೆರಿಗೆಯಾಗುವವರೆಗೆ ಅವನು ನನ್ನಿಂದ ಮುಚ್ಚಿಟ್ಟ. ಹೀಗಾಗಿ ನೋವು ಬಂದು ಆಸ್ಪತ್ರೆಗೆ ಹೋಗುವಾಗಲೂ, ನೀನು ಇಳಿದು ನೇರ ಅಲ್ಲಿಗೇ ಬರುತ್ತೀ ಎಂದುಕೊಂಡಿದ್ದೆ. ಒಳಗಿನಿಂದ ಪ್ರತಿ ಸಲ ಬಾಗಿಲು ತೆರೆದಾಗ ನೋಡಿದೆ.

ಮಗು ಹುಟ್ಟಿದ ಕೂಡಲೇ ಅಳಲಿಲ್ಲ. ಎಲ್ಲರೂ ಸುಮ್ಮನಾದರು. ಆ ಮೌನ ನನಗೆ ಗೊತ್ತಿರುವ ಮೌನ ಅಮ್ಮ. ನಾನು ನಿನ್ನನ್ನು ಕೂಗಿದೆ. ನರ್ಸ್ ಹೊರಗೆ ಹೋಗಿ, “ಪೊಣ್ಣೋಡ ಅಮ್ಮಾ ಯಾರು?” ಎಂದು ಕೇಳಿದಳಂತೆ, ಹುಡುಗಿಯ ಅಮ್ಮ ಯಾರು ಎಂದು. ನನ್ನ ಅತ್ತೆ ಎದ್ದು ನಿಂತರಂತೆ. ಒಳಗೆ ಬಂದು ನನ್ನ ಕೈ ಹಿಡಿದುಕೊಂಡರು. ಆಮೇಲೆ ಮಗು ಅತ್ತಿತು.

ನಿನ್ನ ಕಾಗದ ತುಂಬಾ ಸಲ ಓದಿದೆ. ಆ ಹುಡುಗಿಯ ಮಗು ಎಷ್ಟು ಚೆನ್ನಾಗಿ ನಿದ್ದೆ ಮಾಡಿತು ಎಂದು ನೀನು ಬರೆದಿದ್ದೀ. ಸಾವಿನ ಬಾಗಿಲಿಗೆ ಹೋಗಿ ಬಂದವಳು ನೀನು, ಆದರೂ ಆ ಮಾತನ್ನು ಬರೆಯುವಾಗ ನಿನ್ನ ಅಕ್ಷರದಲ್ಲಿ ಒಂದು ಸಂತೋಷವಿದೆ. ಅದನ್ನು ನೋಡಿ ನನಗೆ ಸಿಟ್ಟು ಬಂದಿದ್ದರೆ ಒಳ್ಳೆಯದಿತ್ತು.

ಇಲ್ಲಿ ಎಲ್ಲ ನಡೆಯುತ್ತಿದೆ. ಅತ್ತೆ ಇದ್ದಾರೆ. ಮಗುವನ್ನು ಅವರೇ ಮೀಯಿಸುತ್ತಾರೆ. ಮೊದಮೊದಲು ನೀರಿನ ಬಿಸಿ ಸರಿ ಉಂಟಾ ಎಂದು ನನ್ನನ್ನೇ ಕೇಳುತ್ತಿದ್ದರು, ಈಗ ಇಲ್ಲ. ನೀನು ಅವಸರ ಮಾಡಬೇಡ. ಡಾಕ್ಟರ್ ಹೇಳಿದ ಮೇಲೆಯೇ ಹೊರಡು.

ಪ್ರಣಮ್ಯಾ


ಪಶ್ಚಿಮ ಮಾಂಬಲಂ, ಚೆನ್ನೈ
ಜನವರಿ 13, 2025

ಪ್ರಣೂ,

ಇವತ್ತು ಬೆಳಿಗ್ಗೆ ಬಂದೆ. ಭೋಗಿ ಹಬ್ಬಕ್ಕೆ ಹಳೆಯ ಸಾಮಾನು ಸುಡುವ ಹೊಗೆಯಲ್ಲಿ ಊರೇ ಕಾಣಿಸುತ್ತಿರಲಿಲ್ಲ, ವಿಮಾನ ಸುತ್ತು ಹೊಡೆದು ಇಳಿಯಿತು. ಡಾಕ್ಟರ್ ಹೇಳಿದ್ದರಿಂದ ದಾರಿ ಬದಿಯ ಸೀಟನ್ನೇ ಕೇಳಿ ಪಡೆದೆ. ಒಬ್ಬ ಹುಡುಗ, ಗೆಳೆಯನ ಜೊತೆ ಕೂರಬೇಕು, ಬದಲಾಯಿಸುತ್ತೀರಾ ಎಂದು ಕೇಳಿದ. ಆಗುವುದಿಲ್ಲ ಎಂದೆ. ಅವನು ಸರಿ ಆಂಟಿ ಎಂದು ಹೋದ, ಅಷ್ಟೇ. ಇಷ್ಟು ಸುಲಭ ಎಂದು ನನಗೆ ಗೊತ್ತೇ ಇರಲಿಲ್ಲ.

ಶ್ರೀಶ ಕರೆದುಕೊಂಡು ಹೋಗಲು ಬಂದಿದ್ದ. ನೀನೂ ಮಗುವೂ ಕಾರಿನಲ್ಲಿರುತ್ತೀರಿ ಎಂದು ನಾನು ಹಿಂದಿನ ಸೀಟಿಗೆ ಬಗ್ಗಿ ನೋಡಿದೆ. ಕಾರು ಗಿಂಡಿ ದಾಟಿತು. ಆಮೇಲೆ, “ಅತ್ತೆ, ಅವ್ರು ಊರಿಗೆ ಹೋಗಿಯಾಯ್ತು. ಅಮ್ಮನೊಟ್ಟಿಗೆ” ಎಂದ. ಪಾಪ, ನನ್ನ ಮುಖ ನೋಡಲು ಅವನಿಗೆ ಧೈರ್ಯವಿರಲಿಲ್ಲ. ಮನೆಗೆ ಬಿಟ್ಟು, ಹಬ್ಬದ ಗಿರಾಕಿ ಎಂದು ಸೌಕಾರ್‌ಪೇಟೆಗೆ ಹೋದ.

ನಾನು ಬರುವ ತಾರೀಕು ನಿನಗೆ ಗೊತ್ತಿತ್ತು. ಗೊತ್ತಿದ್ದೇ ಹೋದೆ. ಸುಮತಿಯಮ್ಮನಿಗೆ ಅಲ್ಲಿ ಮನೆ ಬಿಟ್ಟು ಹೆಚ್ಚು ದಿನ ಇರಲಾಗುವುದಿಲ್ಲ ಎಂದು ಶ್ರೀಶ ಹೇಳಿದ, ನಾನು ನಂಬಿದ ಹಾಗೆ ಮಾಡಿದೆ.

ಮನೆಯಲ್ಲಿ ಹಾಲಿನ ವಾಸನೆ ಇದೆ. ತೊಟ್ಟಿಲು ಕಟ್ಟಿದ್ದ ಕೊಕ್ಕೆಗೆ ಬಟ್ಟೆಯ ಗುರುತಿದೆ. ಎಷ್ಟೋ ಮನೆಗಳಲ್ಲಿ ನಾನು ಮಗುವನ್ನು ಬಿಟ್ಟು ಬಂದಿದ್ದೇನೆ, ಮಗು ಬಿಟ್ಟು ಹೋದ ಮನೆಯನ್ನು ನೋಡಿದ್ದು ಇವತ್ತೇ.

ಪ್ರಣೂ, ನಾನು ದಾಕ್ಷಿಣ್ಯ ಇಟ್ಟುಕೊಳ್ಳದೆ ಕೇಳುತ್ತೇನೆ. ನನಗೆ ಮಗುವನ್ನು ಎತ್ತಿಕೊಳ್ಳಬೇಕು. ನಿನ್ನ ಅತ್ತೆಯ ಮನೆಯಲ್ಲಿ ಯಾರಿಗೆ ಏನೇ ಅನ್ನಿಸಲಿ, ನಾನು ಬರುತ್ತೇನೆ. ಶನಿವಾರದ ಮಂಗಳೂರು ಮೇಲ್ ರೈಲಿಗೆ ಟಿಕೆಟ್ ಮಾಡಿಸಲು ಶ್ರೀಶನಿಗೆ ಹೇಳಿದ್ದೇನೆ.

ಅಮ್ಮ


ಕುಂದಾಪುರ
ಜನವರಿ 16, 2025

ಅಮ್ಮ,

ಬರಬೇಡ.

ಇದು ಸಿಟ್ಟಿನಲ್ಲಿ ಬರೆದದ್ದಲ್ಲ. ಸಿಟ್ಟಿದ್ದರೆ ಫೋನ್ ಮಾಡಿ ಬೈದು, ಆಮೇಲೆ ಅತ್ತು, ಬಾ ಎನ್ನುತ್ತಿದ್ದೆ. ಮಗು ಮಲಗಿರುವಾಗ ಕೂತು ಯೋಚನೆ ಮಾಡಿ ಬರೆಯುತ್ತಿದ್ದೇನೆ.

ನೀನು ಬಂದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅತ್ತೆ ಮರ್ಯಾದೆಗೆ ಮಗುವನ್ನು ನಿನ್ನ ಕೈಗೆ ಕೊಡುತ್ತಾರೆ. ನಿನ್ನಷ್ಟು ಚೆನ್ನಾಗಿ ಮೀಯಿಸುವವರು ಯಾರೂ ಇಲ್ಲ, ಮಗುವಿಗೆ ನಿನ್ನ ಕೈ ಬೇಗ ಒಗ್ಗುತ್ತದೆ. ನಿನ್ನ ಸೆರಗು ಹಿಡಿಯದೆ ಮಲಗುವುದಿಲ್ಲ. ಆಮೇಲೆ ಒಂದು ದಿನ ನಿನಗೆ ಎಲ್ಲಿಂದಲೋ ಫೋನ್ ಬರುತ್ತದೆ. ತಾಯಿ ಇಲ್ಲದ ಹುಡುಗಿ, ನೀವೇ ಆಗಬೇಕು ಎನ್ನುತ್ತಾರೆ. ನೀನು ನನ್ನನ್ನು ನೋಡುತ್ತೀ, ನಾನು ಏನೂ ಹೇಳುವುದಿಲ್ಲ, ನೀನು ಹೊರಡುತ್ತೀ.

ಸಿಡ್ನಿಯ ಮಗುವಿಗೆ ಜ್ವರ ಬಂದು, ಆಮೇಲೆ ಮರೆಯಿತು ಎಂದು ಬರೆದಿದ್ದೆಯಲ್ಲ. ಅದು ಬೇರೆಯವರ ಮಗು, ಮರೆಯಿತು. ನನಗೆ ಮರೆಯಲಾಗಲಿಲ್ಲ ಅಮ್ಮ, ಯಾಕೆಂದರೆ ನೀನು ಪ್ರತಿ ಸಲ ವಾಪಸು ಬರುತ್ತಿದ್ದೆ. ಬಂದಾಗಲೆಲ್ಲ ಇನ್ನು ಹೋಗುವುದಿಲ್ಲ ಎಂದುಕೊಳ್ಳುತ್ತಿದ್ದೆ. ನನ್ನ ಮಗಳಿಗೆ ಅದು ಬೇಡ. ಅವಳಿಗೆ ನಿನ್ನ ಗುರುತು ಹತ್ತುವುದು ಬೇಡ.

ಔಷಧಿ ತಪ್ಪಿಸಬೇಡ. ಮಧ್ಯಾಹ್ನದ ಊಟ ಹೋಟೆಲಿನಿಂದ ಶ್ರೀಶ ಕಳುಹಿಸುತ್ತಾನೆ.

ಪ್ರಣಮ್ಯಾ


ಚೆನ್ನೈ
ಜನವರಿ 18, 2025

ಪ್ರಣೂ,

ನಿನ್ನ ಕಾಗದ ಬಂದು ಎರಡು ದಿನವಾಯಿತು. ನಾನು ಇನ್ನು ದೂರದ ವಿಮಾನ ಹತ್ತುವ ಹಾಗೇ ಇಲ್ಲ, ಡಾಕ್ಟರು ಬರೆದುಕೊಟ್ಟಿದ್ದಾರೆ, ಹಾಗಾಗಿ ಎಲ್ಲಿಗೂ ಹೋಗುವುದಿಲ್ಲ ಎಂದು ವಾದಿಸೋಣ ಎಂದು ಮೊದಲು ಕಂಡಿತು. ಬರೆದೂ ಆಯಿತು. ಆಮೇಲೆ ಹರಿದೆ. ಡಾಕ್ಟರು ಬೇಡ ಎಂದದ್ದಕ್ಕೆ ಉಳಿದರೆ ಅದು ನಿನಗಾಗಿ ಉಳಿದ ಹಾಗೆ ಅಲ್ಲ. ಅಷ್ಟು ನನಗೂ ತಿಳಿಯುತ್ತದೆ.

ಬಾ ಎಂದು ನೀನು ಬರೆದ ಕಾಗದಗಳು ಫೋನಿನಲ್ಲಿವೆ. ಪ್ರತಿಯೊಂದಕ್ಕೂ ನಾನು ಒಂದು ಕಾರಣ ಕೊಟ್ಟಿದ್ದೇನೆ. ಕಂಡವರಿಗೆಲ್ಲ ಹೂಂ ಎಂದವಳು, ಇಲ್ಲ ಎನ್ನಲು ಬಾಯಿ ಬಾರದವಳು ಎಂದು ನನ್ನನ್ನು ನಾನೇ ಎಣಿಸಿಕೊಂಡಿದ್ದೆ. ಅದು ಸುಳ್ಳು. ಜೀವಮಾನವಿಡೀ ಇಲ್ಲ ಎಂದಿದ್ದೇನೆ, ನಿನಗೊಬ್ಬಳಿಗೆ. ನೀನು ನನ್ನವಳು, ನಿನ್ನ ಹತ್ತಿರ ದಾಕ್ಷಿಣ್ಯ ಇಲ್ಲ, ನೀನು ಕಾಯುತ್ತೀ ಎಂದು.

ಮಂಗಳೂರು ಮೇಲ್ ಇವತ್ತು ರಾತ್ರಿ ಹೊರಡುತ್ತದೆ. ಚೀಲ ಬಾಗಿಲ ಹತ್ತಿರವೇ ಇತ್ತು. ಟಿಕೆಟ್ ರದ್ದು ಮಾಡು ಎಂದು ಬೆಳಿಗ್ಗೆ ಶ್ರೀಶನಿಗೆ ಹೇಳಿದೆ. ಅವನು ಎರಡು ಸಲ ಕೇಳಿದ, “ಖಂಡಿತಾ ಬೇಡ್ವಾ ಅತ್ತೆ?” ಬೇಡ ಎಂದೆ.

ನೀನು ಇಷ್ಟು ವರ್ಷ ಕೇಳಿದ ಒಂದನ್ನೂ ನಾನು ನಡೆಸಿಕೊಡಲಿಲ್ಲ. ಈಗ ಬರಬೇಡ ಎಂದಿದ್ದೀ. ಬರುವುದಿಲ್ಲ.

ಅಮ್ಮ